ಕಿಟಕಿ ನೋಡುತ್ತಿದ್ದ ಕುದುರೆಗಳು

ಮಹಾಮಂಗಳಾರತಿ ಮುಗಿದಿತ್ತು. ಹಣೆಗೆ ವಿಭೂತಿ ಹಚ್ಚಿಕೊಂಡ ಮಕ್ಕಳು ತಮ್ಮ ತಮ್ಮ ಚದುರಂಗದ ಹಲಗೆಗಳ ಮುಂದೆ ಬಂದು ಕುಳಿತಿದ್ದರು. ನಿಲ್ಲಿಸಿಟ್ಟಿದ್ದ ಗಡಿಯಾರಗಳನ್ನು ತೀರ್ಪುಗಾರ ದುರ್ಗೇಶ್ ಒಂದೊಂದಾಗಿ ಚಾಲೂ ಮಾಡುತ್ತ ಬಂದ. ಫ್ಯಾನಿನ ಸದ್ದು ಬಿಟ್ಟರೆ ಸಭಾಂಗಣದಲ್ಲಿ ಬೇರೆ ಸದ್ದಿರಲಿಲ್ಲ. ಅಷ್ಟರಲ್ಲಿ ಮತ್ತೆ ಆರತಿಯ ಗಂಟೆ ಕೇಳಿತು.

ಕೇಳಿದ್ದು ಪಕ್ಕದ ಗುಡಿಯಿಂದಲ್ಲ. ಮೊದಲನೆಯ ಹಲಗೆಯಲ್ಲಿ ಆಡುತ್ತಿದ್ದ ಜಯಶ್ರೀಯ ಕುರ್ಚಿಯಿಂದ.

ಹುಡುಗಿ ಕುಳ್ಳಿ. ಮೇಜು ಎಟುಕಲೆಂದು ಮನೆಯಿಂದ ಹಳೆ ಬಟ್ಟೆ ಹೊಲಿದ ಒಂದು ಕೌದಿ ತಂದು, ಮಡಿಸಿ, ಕುರ್ಚಿಯ ಮೇಲೆ ಹಾಕಿಕೊಂಡು ಕೂರುತ್ತಿದ್ದಳು. ದುರ್ಗೇಶ್ ಆಕೆಯನ್ನು ಎಬ್ಬಿಸಿ ಕೌದಿ ಬಿಚ್ಚಿದ. ಮಡಿಕೆಯೊಳಗಿಂದ ಒಂದು ಹಳೆಯ ಮೊಬೈಲು ಕೆಳಗೆ ಬಿತ್ತು. ಬಿದ್ದ ಮೇಲೂ ಅದು ಗಂಟೆ ಬಾರಿಸುತ್ತಲೇ ಇತ್ತು.

ಬಾಗಿಲ ಬಳಿ ನಿಂತಿದ್ದ ಜಂಬುನಾಥನಿಗೆ ಆ ದನಿ ಎಲ್ಲೋ ಕೇಳಿದಂತೆ ಅನಿಸಿತು. ಈಗತಾನೇ ಗುಡಿಯಿಂದ ಬಂದಿದ್ದೇನೆ, ಅದಕ್ಕೇ ಇರಬೇಕು ಎಂದುಕೊಂಡು ಸುಮ್ಮನಾದ. ಜಯಶ್ರೀಯ ಎದುರು ಕುಳಿತಿದ್ದ ಮೀನಾ, ಸೋಲುತ್ತಿದ್ದ ಆಟ ಕೈಗೆ ಬಂದಿತೆಂದು ಹಿಗ್ಗಬೇಕಾದವಳು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

ಆಡುವವರ ಬಳಿ ಮೊಬೈಲು ಸಿಕ್ಕರೆ ಆಟ ಸೋತಂತೆ. ಅದು ಎಲ್ಲರಿಗೂ ಗೊತ್ತಿರುವ ನಿಯಮ. ಆದರೆ ಅಧ್ಯಕ್ಷ ವಿರೂಪಾಕ್ಷಿ ಅಷ್ಟಕ್ಕೆ ಬಿಡಲಿಲ್ಲ. ಮೈಕು ಹಿಡಿದು, ಈ ಹುಡುಗಿ ಮೊಬೈಲು ನೋಡಿ ಆಡುತ್ತ ಬಂದಿದ್ದಾಳೆ, ರಾಜ್ಯ ಪಂದ್ಯಕ್ಕೆ ಹೋಗುವ ತಂಡದಿಂದಲೂ ಕ್ಲಬ್ಬಿನಿಂದಲೂ ಈಕೆಯನ್ನು ತೆಗೆದಿದ್ದೇವೆ ಎಂದು ಸಾರಿದರು. ಆರತಿಯ ಹೊತ್ತಿನಲ್ಲಿ ಎಲ್ಲರೂ ಗುಡಿಗೆ ಹೋದಾಗ ಆಕೆಯ ತಂದೆ ಓಬಣ್ಣ ಒಬ್ಬನೇ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದನೆಂದೂ, ತಂದಿಟ್ಟವನು ಅವನೇ ಎಂದೂ ಸೇರಿಸಿದರು. ಅವನು ಗುಡಿಗೆ ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. ಬಾ ಎಂದು ಅವನನ್ನು ಯಾರೂ ಕರೆದಿರಲಿಲ್ಲ.

ದೇಶನೂರಿನ ಗದ್ದೆಗಳಲ್ಲಿ ಕೂಲಿ ಮಾಡುವ ಓಬಣ್ಣ ಕೈಮುಗಿದುಕೊಂಡು ಒಳಗೆ ಬಂದ. "ನಮ್ಮ ಮನ್ಯಾಗ ಇರಾದು ಒಂದ ಫೋನು ಸಾಹೇಬ್ರ. ಅದು ಈಕಿ ಅವ್ವನ ಹತ್ರ ಊರಾಗ ಐತಿ. ಇದು ನಮ್ದಲ್ರಿ," ಎಂದ.

"ಕದ್ದು ತಂದಿದ್ರ ಯಾರ್ದಂತ ಹೇಳ್ತಿಯೇನಲೇ?" ಎಂದರು ವಿರೂಪಾಕ್ಷಿ. ಯಾರೋ ನಕ್ಕರು.

ಆ ನಗು ಕೇಳಿ ಜಂಬುನಾಥನ ಮೈಯೆಲ್ಲ ಉರಿಯಿತು. ಈ ಕ್ಲಬ್ಬನ್ನು ಕಟ್ಟಿದವಳು ಅವನ ಅಕ್ಕ ಜಡೆಮ್ಮ. ಬಳ್ಳಾರಿಯ ಸತ್ಯನಾರಾಯಣಪೇಟೆಯ ತನ್ನ ಮನೆಯ ಮುಂದಿನ ಕೋಣೆಯಲ್ಲಿ, ಓಣಿಯ ಮಕ್ಕಳಿಗೆ ಪಾಠ ಹೇಳುತ್ತ, ಪಾಠ ಮುಗಿದ ಮೇಲೆ ಚದುರಂಗ ಆಡಿಸುತ್ತ ಶುರುಮಾಡಿದ್ದಳು. ಆಮೇಲೆ ಸಿರುಗುಪ್ಪದಲ್ಲೊಂದು ಶಾಖೆಯಾಯಿತು. ದೇಶನೂರಿನಿಂದ ಜಯಶ್ರೀಯನ್ನು ಅಲ್ಲಿಗೆ ಕರೆತಂದವಳೂ ಅವಳೇ. ಎರಡೂ ಕಡೆಯವರಿಗೆ ಅನುಕೂಲವೆಂದು ವರ್ಷಕ್ಕೊಮ್ಮೆ ಕುರುಗೋಡಿನಲ್ಲಿ, ಗುಡಿಯ ಪಕ್ಕದ ಈ ಸಭಾಂಗಣದಲ್ಲಿ, ಆಯ್ಕೆ ಪಂದ್ಯ ನಡೆಯತೊಡಗಿತು. ಗುಡಿಯ ಗಂಟೆ ಕೇಳಿದರೆ ಗಡಿಯಾರ ನಿಲ್ಲಿಸಿ, ಕಾಯಿಗಳನ್ನು ಇದ್ದಲ್ಲೇ ಬಿಟ್ಟು, ಎಲ್ಲರೂ ಆರತಿಗೆ ಹೋಗಬೇಕೆಂಬ ಪದ್ಧತಿಯೂ ಅವಳದೇ. ಅವಳು ಶಿವನ ಪಾದ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳಿದ್ದಿದ್ದರೆ ಒಂದು ಕೂಲಿಯವನ ಮಗುವನ್ನು ನಾಲ್ಕು ಜನರ ಮುಂದೆ ಹೀಗೆ ನಿಲ್ಲಿಸಲು ಬಿಡುತ್ತಿದ್ದಳೇ? ಹೀಗೆ ನಿಲ್ಲಿಸಿದವರಾದರೂ ಯಾರು? ಅವಳ ಗಂಡ ವಿರೂಪಾಕ್ಷಿಯೇ.

ಜಂಬುನಾಥ ನೇರವಾಗಿ ನೀಲಾವತಿ ಟೀಚರ ಬಳಿಗೆ ಹೋದ. ಸಿರುಗುಪ್ಪದಲ್ಲಿ ಗಣಿತ ಕಲಿಸಿ ನಿವೃತ್ತರಾದ ನೀಲಾವತಿ ಕ್ಲಬ್ಬಿನ ಹಿರಿಯರು. ಕ್ಲಬ್ಬಿನಲ್ಲಿ ಏನು ಕಳುವಾದರೂ, ಯಾರು ಸುಳ್ಳು ಹೇಳಿದರೂ, ಕೊನೆಗೆ ಗಂಟು ಬಿಡಿಸುತ್ತಿದ್ದವರು ಅವರೇ. ಅಂಥ ಹೊತ್ತಿನಲ್ಲೆಲ್ಲ ಅವರ ಜೊತೆಗೆ ಓಡಾಡುತ್ತಿದ್ದವನು ಜಂಬುನಾಥ.

"ಟೀಚರಮ್ಮ, ಇದನ್ನ ನೋಡಿಕೊಂಡು ಸುಮ್ಮನ ಕುಂದರಾಕ ನನ್ ಕೈಲಿ ಆಗಂಗಿಲ್ಲ," ಎಂದ.

"ನನ್ ಕೈಲೂ ಆಗಂಗಿಲ್ಲ ಜಂಬಣ್ಣ. ಆದ್ರ ಸಿಟ್ಟು ಆಮ್ಯಾಲ. ಮೊದ್ಲು ಆ ಹಲಗಿ ಯಾರೂ ಮುಟ್ಟದಂಗ ನೋಡಿಕೋ."

ಮೊದಲನೆಯ ಹಲಗೆಯ ಮೇಲೆ ಆಟ ನಿಂತಲ್ಲೇ ನಿಂತಿತ್ತು. ನೀಲಾವತಿ ಕಾಯಿಗಳನ್ನು ಮುಟ್ಟದೆ, ಕನ್ನಡಕ ಏರಿಸಿ ಇಳಿಸಿ, ಸುತ್ತ ನಡೆದು ನೋಡಿದರು. ಬಾಗಿ ಕೌದಿಯ ಅಂಚನ್ನು ಹಿಂಡಿದರು, ಒದ್ದೆಯಾಗಿತ್ತು. ಜಯಶ್ರೀಯ ನೀರಿನ ಬಾಟಲಿ ಮೇಜಿನ ಮೇಲಿತ್ತು, ಅದರಲ್ಲಿ ತಳಕ್ಕೆ ಮಾತ್ರ ನೀರಿತ್ತು. ಆರತಿಗೆ ಹೋಗುವಾಗ ಅದು ತುಂಬಿತ್ತೆಂದೂ, ಮುಚ್ಚಳ ಕಳೆದುಹೋದ ಬಾಟಲಿಯೆಂದೂ ಹುಡುಗಿ ಹೇಳಿದಳು. ಆಮೇಲೆ ನೀಲಾವತಿ ಹಲಗೆಯ ಅಂಚಿನಲ್ಲಿದ್ದ ಒಂದು ಕಾಲಾಳನ್ನು ಎತ್ತಿ, ಅಡಿಗೆ ಅಂಟಿಸಿದ ಬಟ್ಟೆಯನ್ನು ಜಂಬುನಾಥನ ಅಂಗೈಗೆ ಒತ್ತಿದರು. ಅದೂ ತಣ್ಣಗೆ, ಒದ್ದೆ. ಕಾಲಾಳನ್ನು ಅದರ ಮನೆಯಲ್ಲೇ ಮತ್ತೆ ಇಟ್ಟರು.

"ಈಗ ಕುದುರಿ ನೋಡು. ಯಾವ ಕಡಿ ನೋಡಾಕತ್ಯಾವು?"

ಹಲಗೆಯ ಮೇಲೆ ಜಯಶ್ರೀಯವು ಎರಡು ಕುದುರೆ, ಮೀನಾಳದೊಂದು ಉಳಿದಿದ್ದವು. ಮೂರೂ ಜಯಶ್ರೀಯ ಎಡಗಡೆಯ ಕಿಟಕಿಯನ್ನು ನೋಡುತ್ತಿದ್ದವು. ಜಂಬುನಾಥನಿಗೆ ಬೆಳಗಿನ ಮಾತು ನೆನಪಾಯಿತು. ಕಾಯಿ ಜೋಡಿಸುವಾಗ ಹುಡುಗಿ ತನ್ನ ಕುದುರೆಗಳ ಮುಖವನ್ನು ಎದುರಾಳಿಯ ಕಡೆಗೆ ತಿರುಗಿಸಿ ಇಟ್ಟಿದ್ದಳು. ಯಾಕವ್ವ ಹಂಗ ಎಂದು ಕೇಳಿದ್ದಕ್ಕೆ, ಕುದುರಿ ತಾನು ಹೋಗಾ ದಾರಿ ನೋಡಬೇಕಲ್ರಿ ತಾತ ಎಂದು ನಕ್ಕಿದ್ದಳು.

ನೀಲಾವತಿ ಹುಡುಗಿಯನ್ನು ಹತ್ತಿರ ಕರೆದರು. "ನಿನ್ನ ಕುದುರಿ ತಿರುಗ್ಯಾವ. ವಾಪಸ್ ಬಂದಾಗ ನೋಡಿದ್ಯೇನು?"

"ನೋಡ್ದೆ ಟೀಚರ್."

"ಮತ್ಯಾಕ ಸರಿ ಮಾಡ್ಲಿಲ್ಲ?"

"ನನ್ ಸರದಿ ಅಲ್ಲಲ್ರಿ. ಮೀನಾ ನಡಿಸೋದಿತ್ತು. ನನ್ ಸರದಿ ಬಂದ ಮ್ಯಾಲ 'ಸರಿ ಇಡ್ತೀನಿ' ಅಂತ ಹೇಳಿ ಮುಟ್ಟಬೇಕು." ಹುಡುಗಿ ಕೌದಿಯ ಕಡೆ ಕೈ ತೋರಿಸಿದಳು. "ಅಷ್ಟರಾಗ ಗಂಟಿ ಹೊಡೀತು."

ಎಲ್ಲರ ಎದುರು ಮೋಸಗಾತಿ ಎನಿಸಿಕೊಂಡ ಮಗು, ತನ್ನ ಸರದಿಯಲ್ಲದಾಗ ಸ್ವಂತ ಕುದುರೆಯನ್ನೂ ಮುಟ್ಟಿರಲಿಲ್ಲ. ಜಂಬುನಾಥ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಇಬ್ಬರು ಹುಡುಗಿಯರೂ ಆರತಿಯ ಹೊತ್ತಿನಲ್ಲಿ ನೀಲಾವತಿಯ ಪಕ್ಕದಲ್ಲೇ ಕೈಮುಗಿದು ನಿಂತಿದ್ದರು. ಗುಡಿಯಲ್ಲಿ ಕಾಣದವರು ಯಾರು ಎಂದು ವಿಚಾರಿಸಿದಾಗ ಓಬಣ್ಣನಲ್ಲದೆ ಇನ್ನೂ ಮೂವರ ಹೆಸರು ಬಂತು. ದುರ್ಗೇಶ್ ಗಡಿಯಾರ ನಿಲ್ಲಿಸಿ ಕಡೆಯಲ್ಲಿ ಹೊರಟವನು, ಗುಡಿ ಮುಟ್ಟುವಷ್ಟರಲ್ಲಿ ಆರತಿ ಮುಗಿದಿತ್ತಂತೆ. ಮೀನಾಳಿಗೆ ಆಟ ಕಲಿಸುವ ಶೇಖರ್ ಸಭಾಂಗಣದ ಹಿಂದೆ ಬೇವಿನ ಮರದ ಕೆಳಗೆ ಫೋನಿನಲ್ಲಿ ಮಾತಾಡುತ್ತಿದ್ದನಂತೆ. ವಿರೂಪಾಕ್ಷಿ ಅಡುಗೆಮನೆಯಲ್ಲಿ ಊಟದ ಉಸ್ತುವಾರಿ ನೋಡುತ್ತಿದ್ದರಂತೆ. ಅಡುಗೆಮನೆಗೂ ಬೇವಿನ ಮರಕ್ಕೂ ಸಭಾಂಗಣದ ಹಿಂಬಾಗಿಲು ಹತ್ತಿರ. ಮುಂಬಾಗಿಲಿನಿಂದ ಯಾರೂ ಒಳಗೆ ಹೋಗಲಿಲ್ಲವೆಂದು ಓಬಣ್ಣ ದೇವರ ಮೇಲೆ ಆಣೆ ಮಾಡಿದ. ಅವನ ಆಣೆಯನ್ನು ನಂಬಿದವರು ಅಲ್ಲಿ ಇಬ್ಬರೇ.

ಊಟವಾದ ಮೇಲೆ ನೀಲಾವತಿ ಎಲ್ಲರನ್ನೂ ಸಭಾಂಗಣದಲ್ಲಿ ಸೇರಿಸಿದರು. ಚಿಕ್ಕಮಕ್ಕಳ ಸುತ್ತು ಶುರುವಾಗಬೇಕು, ಹಿರಿಯರು ಮೂರು ಹಲಗೆ ಜೋಡಿಸಿಕೊಟ್ಟರೆ ಮಕ್ಕಳಿಗೆ ಹುರುಪು ಬರುತ್ತದೆ ಎಂದು ದುರ್ಗೇಶ್, ಶೇಖರ್, ವಿರೂಪಾಕ್ಷಿ ಮೂವರನ್ನೂ ಮುಂದಕ್ಕೆ ಕರೆದರು. ಹಲಗೆ ಜೋಡಿಸಿ ಪಂದ್ಯ ಉದ್ಘಾಟಿಸುವುದು ಅಧ್ಯಕ್ಷರಿಗೆ ರೂಢಿಯೇ ಆಗಿತ್ತು. ಕೈ ಕಾಯಿ ಇಡುತ್ತಿದ್ದರೂ ಅವರ ಬಾಯಿ ಸುಮ್ಮನಿರಲಿಲ್ಲ. ಯಾರ್ಯಾರನ್ನೋ ಒಳಗೆ ಸೇರಿಸಿಕೊಂಡರೆ ಹೀಗೇ ಆಗುವುದೆಂದು ಪಕ್ಕದವರಿಗೆ ಉಪದೇಶ ಮಾಡುತ್ತಿದ್ದರು.

ಮೂವರೂ ಮುಗಿಸಿದ ಮೇಲೆ ನೀಲಾವತಿ ಎದ್ದು ನಿಂತರು.

"ಆರತಿ ಹೊತ್ನಾಗ ಒಬ್ರು ಹಿಂಬಾಗಿಲಿಂದ ಈ ಸಭಾಂಗಣಕ್ಕ ಬಂದ್ರು. ಜಯಶ್ರೀ ಕೌದಿಯಾಗ ಫೋನ್ ಇಡುವಾಗ ಅವರ ಕೈ ತಾಗಿ ಬಾಟ್ಲಿ ಉರುಳ್ತು. ಹಲಗಿ ತುಂಬ ನೀರಾತು, ಕಾಯಿ ಬಿದ್ವು. ಅವ್ರು ಎಲ್ಲಾ ಕಾಯಿ ತಗದು, ಹಲಗಿ ಒರಿಸಿ, ಮತ್ತ ಜೋಡಿಸಿದ್ರು. ಕೌದಿ ಒದ್ದಿ ಐತಿ, ಕಾಯಿ ಅಡಿ ಇನ್ನೂ ಒದ್ದಿ ಅದಾವ, ಬೇಕಾದವ್ರು ಮುಟ್ಟಿ ನೋಡ್ರಿ."

ಒಬ್ಬಿಬ್ಬರು ಬಂದು ಮುಟ್ಟಿ ನೋಡಿದರು. ನೀಲಾವತಿ ಮುಂದುವರಿಸಿದರು. ನಡುವೆ ನಿಂತ ಆಟ ಅದು. ಅಷ್ಟೂ ಕಾಯಿಗಳನ್ನು ತಪ್ಪದೆ ಅವವುಗಳ ಮನೆಯಲ್ಲಿ ಇಟ್ಟಿದ್ದಾರೆ. ಕಾಯಿಗಳ ಜಾಗದಲ್ಲಿ ಆಡುತ್ತಿದ್ದ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ. ಆಟವನ್ನು ಬಲ್ಲವನಿಗೆ, ಅದರಲ್ಲೂ ಬೆಳಗಿನಿಂದ ಇದೇ ಆಟದ ಮೇಲೆ ಕಣ್ಣಿಟ್ಟವನಿಗೆ ಮಾತ್ರ ಅದು ಸಾಧ್ಯ.

"ಓಬಣ್ಣ, ಒಂಟಿ ಹೆಂಗ ನಡೀತೈತಿ?" ಎಂದು ಥಟ್ಟನೆ ಕೇಳಿದರು.

"ಸೀದಾ ರೋಡ್ ಹಿಡಿದು ನಡೀತೈತ್ರಿ. ನಮ್ಮೂರಿಗೆ ಒಮ್ಮೆ ಬಂದಿತ್ತು," ಎಂದ ಓಬಣ್ಣ.

ಮಕ್ಕಳು ಗೊಳ್ಳೆಂದು ನಕ್ಕರು. ಈ ಸಲದ ನಗೆಯಲ್ಲಿ ವಿಷವಿರಲಿಲ್ಲ. ಚದುರಂಗದ ಒಂಟೆ ಓರೆಯಾಗಿ ಮಾತ್ರ ನಡೆಯುತ್ತದೆಂದು ಅಲ್ಲಿದ್ದ ಎಳೆಯ ಮಗುವಿಗೂ ಗೊತ್ತಿತ್ತು.

"ಕೇಳಿದ್ರಲ್ಲ? ಇವ ಇಟ್ಟವನಲ್ಲ. ಮತ್ಯಾರು? ಇಟ್ಟೋರು ಎಲ್ಲಾ ಸರಿ ಇಟ್ರು, ಕುದುರಿ ಮುಖ ಒಂದು ಮರತ್ರು. ಕಾಯಿ ಯಾವ ಮನ್ಯಾಗ ಐತಿ ಅನ್ನೋದು ಆಟಗಾರ್ರಿಗೆ ತಲ್ಯಾಗ ಇರತೈತಿ. ಕುದುರಿ ಯಾವ ಕಡಿ ನೋಡಬೇಕು ಅನ್ನೋದು ಅವರವರ ಕೈಯಾಗ ಇರತೈತಿ; ಅದು ನಿಯಮ ಅಲ್ಲ, ಚಾಳಿ. ಈ ಇಬ್ರೂ ಹುಡುಗ್ಯಾರು ಕುದುರಿ ಮುಂದಕ್ಕ ನಿಲ್ಲಿಸ್ತಾರ. ವಾಪಸ್ ಬಂದಾಗ ಮೂರೂ, ಜಯಶ್ರೀ ಕುರ್ಚಿ ಕಡಿ ನಿಂತವರ ಎಡಕ್ಕ ತಿರುಗಿದ್ವು. ಈಗ ಹಿರ್ಯಾರು ಜೋಡಿಸಿದ ಹಲಗಿ ನೋಡ್ರಿ."

ಎಲ್ಲರ ಕಣ್ಣೂ ಆ ಕಡೆ ಹೊರಳಿತು. ದುರ್ಗೇಶನ ಕುದುರೆಗಳು ಮುಂದಕ್ಕೆ ನೋಡುತ್ತಿದ್ದವು. ಶೇಖರನವು ಒಂದೊಂದು ಒಂದೊಂದು ದಿಕ್ಕಿಗೆ. ಅವನಿಗೆ ಆ ಕಡೆ ಗಮನವೇ ಇರಲಿಲ್ಲ. ವಿರೂಪಾಕ್ಷಿಯ ಹಲಗೆಯ ಮೇಲೆ ಕರಿಯವೂ ಬಿಳಿಯವೂ ನಾಲ್ಕೂ ಕುದುರೆ, ಅವರ ಎಡಗಡೆಗೆ, ಸಾಲಿನಲ್ಲಿ ಕಟ್ಟಿದ ಹಾಗೆ ತಿರುಗಿ ನಿಂತಿದ್ದವು.

ವಿರೂಪಾಕ್ಷಿಯ ಕೈ ತಾನಾಗಿ ಹಲಗೆಯ ಕಡೆಗೆ ಹೋಗಿ ನಡುವೆ ನಿಂತಿತು. "ಏನ್ರಿ ಟೀಚರ್, ಕುದುರಿ ಹೆಂಗರ ನಿಂತ್ರ ನಾನು ಕಳ್ಳ ಆಗಿಬಿಡ್ತೀನೇನು? ಕ್ಲಬ್ಬಿನ ಅಧ್ಯಕ್ಷ ಅದೀನಿ ನಾನು."

ನೀಲಾವತಿ ಮೇಜಿನ ಮೇಲಿದ್ದ ಮೊಬೈಲನ್ನು ಎತ್ತಿಕೊಂಡು ಮತ್ತೊಮ್ಮೆ ಗಂಟೆ ಬಾರಿಸಿದರು. ಆಮೇಲೆ ಮೆಲ್ಲಗೆ, "ಮೀನಾ, ಇದು ಕೇಳಿದಾಗ ಮುಖ ಯಾಕ ಮುಚ್ಚಿಕೊಂಡಿ ಮಗಳ?" ಎಂದರು.

ಮೀನಾ ವಿರೂಪಾಕ್ಷಿಯ ಮಗಳ ಮಗಳು. ಎದ್ದು ನಿಂತವಳು ತಾತನ ಮುಖ ನೋಡಲಿಲ್ಲ.

"ಅದು ಅಜ್ಜಿ ಫೋನು. ದಿನಾ ಪೂಜಿಗೆ ಏಳಾಕ ಅಜ್ಜಿ ಅದ ಗಂಟಿ ಇಟ್ಟಿದ್ಲು. ತಾತನ ಬೀರುವಿನಾಗ ಇತ್ತು," ಎಂದಳು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ನಾನು ಸೋಲ್ತಿದ್ದೆ ತಾತ. ಸೋತ್ರ ಏನಾಗ್ತಿತ್ತು?"

ಆ ದನಿ ಎಲ್ಲಿ ಕೇಳಿದ್ದೆಂದು ಜಂಬುನಾಥನಿಗೆ ಆಗ ಹೊಳೆಯಿತು. ಅಕ್ಕನ ಮನೆಯಲ್ಲಿ ಉಳಿದಾಗ ಬೆಳಗಿನ ಜಾವ ಅವನನ್ನೂ ಎಬ್ಬಿಸುತ್ತಿದ್ದ ಗಂಟೆ ಅದು. ಆರತಿ ಮುಗಿದ ಹೊತ್ತಿಗೆ ಕೂಗಲೆಂದು ಅಲಾರಾಂ ಇಟ್ಟ ವಿರೂಪಾಕ್ಷಿಗೆ, ಅದು ಯಾವ ದನಿಯಲ್ಲಿ ಕೂಗುತ್ತದೆಂಬುದು ಹೊಳೆದಿರಲಿಲ್ಲ. ಇಷ್ಟು ವರ್ಷ ಭಾವನವರಿಗೆ ನೀವು ಎಂದೇ ಹೇಳುತ್ತ ಬಂದವನು ಅವರ ಮುಂದೆ ಬಂದು ನಿಂತ.

"ನಮ್ಮಕ್ಕ ದೇವ್ರನ್ನ ಎಬ್ಬಸ್ತಿದ್ದ ಗಂಟಿ ಅದು. ಅದನ್ನ ಹಿಡಕೊಂಡು ನೀ ಒಂದು ಕೂಸಿನ ಹೆಸರು ಕೆಡಸಾಕ ಬಂದಿ. ಆಕಿ ಕಟ್ಟಿದ ಕ್ಲಬ್ಬಿನಾಗ ನಿಂತು, ಆಕಿ ಕರಕೊಂಡು ಬಂದ ಮಂದಿನ್ನ ಕಳ್ಳ್ರು ಅಂದಿ. ನಿನಗ ಆರತಿ ತಗೊಳ್ಳಾಕ ಕೈ ಹೆಂಗ ಬರತೈತಿ?"

ವಿರೂಪಾಕ್ಷಿ ತಲೆ ಎತ್ತಲಿಲ್ಲ. ಮೊಮ್ಮಗಳು ರಾಜ್ಯಕ್ಕೆ ಹೋಗಲಿ ಎಂಬುದೊಂದೇ ಆಸೆ, ಅದೂ ಒಬ್ಬ ಕೂಲಿಯವನ ಮಗಳ ಕೈಯಲ್ಲಿ ಸೋತು ಬಂದಳೆಂದರೆ ನಾಲ್ಕು ಜನರಲ್ಲಿ ಹೇಗೆ ತಲೆ ಎತ್ತುವುದು ಎಂದು ಏನೇನೋ ಗೊಣಗಿದರು. ಕಮಿಟಿಯವರಲ್ಲಿ ಒಬ್ಬರು ಎದ್ದು, ಆದದ್ದಾಯಿತು, ಇದನ್ನು ಒಳಗೊಳಗೇ ಮುಗಿಸೋಣ, ತಂದೆ ಮಗಳಿಗೆ ಶಾಲು ಹೊದಿಸಿ ಗೌರವ ಮಾಡೋಣ ಎಂದರು. ನೀಲಾವತಿ ಅವರ ಮಾತು ಮುಗಿಯಲು ಬಿಡಲಿಲ್ಲ. ಯಾವ ಮೈಕಿನಲ್ಲಿ ಆ ಮಗುವಿಗೆ ಮೋಸಗಾತಿ ಎಂದರೋ ಅದೇ ಮೈಕಿನಲ್ಲಿ, ಎಂದವರೇ ನಿಂತು, ನಡೆದದ್ದನ್ನು ಹೇಳಬೇಕು ಎಂದರು. ವಿರೂಪಾಕ್ಷಿ ಹೇಳಿದರು. ಆಮೇಲೆ ಕ್ಲಬ್ಬಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹಿಂಬಾಗಿಲಿನಿಂದಲೇ ಹೊರಟುಹೋದರು.

ಕಮಿಟಿಯವರು ಆಗಲೇ ಎಲ್ಲಿಂದಲೋ ಶಾಲು ತರಿಸಿದ್ದರು. ಓಬಣ್ಣ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಶಾಲು ಬ್ಯಾಡ್ರಿ," ಎಂದ. ಕೈ ಮುಗಿಯಲಿಲ್ಲ. "ಆ ಗಡಿಯಾರ ಚಾಲೂ ಮಾಡ್ರಿ."

ದುರ್ಗೇಶ್ ಗಡಿಯಾರ ಚಾಲೂ ಮಾಡಿದ. ಸರದಿ ಮೀನಾಳದು. "ಸರಿ ಇಡ್ತೀನಿ," ಎಂದು ಆಕೆ ತನ್ನ ಒಂದು ಕುದುರೆಯನ್ನು ಮುಂದಕ್ಕೆ ತಿರುಗಿಸಿದಳು. ತುಸು ಯೋಚಿಸಿ ಆನೆ ನಡೆಸಿ ಗಡಿಯಾರ ಒತ್ತಿದಳು.

ಜಯಶ್ರೀ ಒದ್ದೆ ಕೌದಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಈಗ ಅವಳ ಸರದಿ. "ಸರಿ ಇಡ್ತೀನಿ," ಎಂದಳು, ಸಭಾಂಗಣದ ಕಡೆಯ ಸಾಲಿಗೂ ಕೇಳುವಂತೆ. ಆಮೇಲೆ ಕಿಟಕಿ ನೋಡುತ್ತಿದ್ದ ತನ್ನ ಎರಡು ಕುದುರೆಗಳನ್ನು, ಒಂದಾದ ಮೇಲೊಂದು, ತಾವು ಹೋಗಬೇಕಾದ ದಾರಿಯ ಕಡೆಗೆ ತಿರುಗಿಸಿದಳು.