ಬೆವರಿಲ್ಲದ ಅಂಗಿ

ಗಂಡನ ಅಂಗಿಯಲ್ಲಿ ಬೆವರಿನ ಗುರುತೇ ಇರಲಿಲ್ಲ. ಹನ್ನೊಂದು ವರ್ಷ ಬೇಕರಿಯ ಒಲೆಯ ಮುಂದೆ ನಿಂತು ಬ್ರೆಡ್ ಬೇಯಿಸಿದವನ ಅಂಗಿ ಸಂಜೆಯಾದರೂ ಇಸ್ತ್ರಿ ಕೆಡದೆ ಗರಿಗರಿಯಾಗಿದ್ದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ಅದರಲ್ಲೂ ಇವಳು ಟೈಲರ್. ಇವಳ ಮುಂದೆ ಬಟ್ಟೆ ಸುಳ್ಳು ಹೇಳುವಂತಿಲ್ಲ.

ಸುಡುನೀರು ಸುರಿದುಕೊಳ್ಳದಿದ್ದರೆ ಅದು ಸ್ನಾನವೇ ಅಲ್ಲ ಎನ್ನುತ್ತಿದ್ದ ಮಹಾಶಯ ತಣ್ಣೀರಿಗೆ ಇಳಿದಿದ್ದ. ಸಿಗರೇಟು ಬಿಟ್ಟಿದ್ದ. ಮೊನ್ನೆಯಂತೂ ಅವಳ ಅಳತೆ ಟೇಪಿನ ಮುಂದೆ ಬಂದು ನಿಂತು, "ಎರಡು ಪ್ಯಾಂಟ್ ಹೊಲಿದುಕೊಡೆ, ಸ್ವಲ್ಪ ಸಡಿಲ ಇರ್ಲಿ" ಎಂದು ಓರೆಗಣ್ಣಲ್ಲಿ ನಕ್ಕಿದ್ದ.

ಮದುವೆಯ ಹೊಸತರಲ್ಲಿ ಅವಳು ಸೋತದ್ದು ಆ ನಗುವಿಗೇ. ಈಗ ಅದನ್ನು ಕಂಡು ಹೊಟ್ಟೆ ಉರಿಯಿತು. ಮಗುವಾಗಲಿಲ್ಲವೆಂದು ನಾಲ್ಕು ತಿಂಗಳಿಂದ ಮಾತ್ರೆ ನುಂಗಿ, ವಾಂತಿ ಮಾಡಿಕೊಂಡು ತಾನು ಸೊರಗುತ್ತಿದ್ದರೆ, ಇವನ ಸೊಗಸು ಯಾರಿಗಾಗಿ?

ಮರುದಿನ ಮಧ್ಯಾಹ್ನ ಹೊಲಿಗೆ ಅರ್ಧಕ್ಕೇ ಬಿಟ್ಟು ಬೇಕರಿಗೆ ನಡೆದಳು. ಅವನು ಒಲೆಯ ಹತ್ತಿರ ಇರಲಿಲ್ಲ. ಮುಂದಿನ ಕೌಂಟರಿನಲ್ಲಿ, ಫ್ಯಾನಿನ ಕೆಳಗೆ, ಕ್ಯಾಶಿನ ಹುಡುಗಿಯ ಪಕ್ಕ ನಿಂತು ಕೇಕಿನ ಡಬ್ಬಿಗೆ ರಿಬ್ಬನ್ ಕಟ್ಟುತ್ತಿದ್ದ.

"ಕಾಲು ಕೆಜಿ ಬಿಸ್ಕತ್ತು ಕೊಡಿ ಸಾರ್."

ಅವನ ಕೈಯ ರಿಬ್ಬನ್ ಜಾರಿತು. "ನೀನಾ?"

"ಇನ್ಯಾರಿಗೆ ಕಾಯ್ತಿದ್ರಿ?"

ಅವನು ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದ. ಮೈದಾ ಮೂಟೆಗಳ ನಡುವೆ ತಲೆ ತಗ್ಗಿಸಿ ನಿಂತ.

"ಎಷ್ಟು ದಿನದಿಂದ ಇದು?"

"ಎರಡು ತಿಂಗಳು. ನಾನೇ ಓನರ್ ಹತ್ರ ಗೋಗರೆದು ಕೌಂಟರ್ ಕೇಳ್ಕೊಂಡೆ."

"ಅವಳಿಗೋಸ್ಕರ?"

"ನಮಗೋಸ್ಕರ ಕಣೆ!" ಅವನು ತಲೆಯೆತ್ತಿದ. "ನಿಂಗೆ ಹೇಳದೆ ಬೇರೆ ಡಾಕ್ಟರ್ ಹತ್ರ ಟೆಸ್ಟ್ ಮಾಡಿಸ್ಕೊಂಡೆ. ವೀರ್ಯಾಣು ಕಡಿಮೆ ಇದೆಯಂತೆ. ಒಲೆ ಕಾವು, ಸುಡುನೀರು, ಬಿಗಿ ಪ್ಯಾಂಟು, ಸಿಗರೇಟು ಯಾವ್ದೂ ಒಳ್ಳೇದಲ್ಲ, ಮೂರು ತಿಂಗಳು ದೂರ ಇದ್ದು ಮತ್ತೆ ಟೆಸ್ಟ್ ಮಾಡ್ಸು ಅಂದ್ರು. ಹೆಚ್ಚದಿದ್ರೆ ವೀರ್ಯಾಣುನ ನೇರ ಗರ್ಭಕೋಶಕ್ಕೆ ಬಿಡೋ ಐಯುಐ ಇದೆ. ಅದೂ ಆಗದಿದ್ರೆ ಐವಿಎಫ್."

ಬೇರೆ ಹೆಂಗಸಿಲ್ಲ ಎಂಬ ಸಮಾಧಾನದ ಬೆನ್ನಿಗೇ ಸಿಟ್ಟು ನೆತ್ತಿಗೇರಿತು.

"ಎರಡು ತಿಂಗಳು! ನಾನು ಮಾತ್ರೆ ನುಂಗುವಾಗ ಏನೂ ಗೊತ್ತಿಲ್ಲದವರ ಥರ ನೀರು ತಂದುಕೊಡ್ತಿದ್ರಲ್ರೀ!"

"ಹೆದರಿಕೆ ಆಯ್ತು. ಗೊತ್ತಾಗಿ ನೀನು ಬಿಟ್ಟು ಹೋದ್ರೆ?"

"ನನ್ನಲ್ಲೇ ಕೊರತೆ ಅಂದ್ಕೊಂಡಿದ್ದಾಗ ನಿಮಗೆ ನನ್ನ ಬಿಡ್ಬೇಕು ಅನ್ಸಿತ್ತಾ?"

"ಛೆ! ಒಂದು ದಿನಾನೂ ಇಲ್ಲ."

"ಮತ್ತೆ ನನ್ನ ಪ್ರೀತಿ ಮಾತ್ರ ಅಷ್ಟು ಅಗ್ಗಾನಾ?"

ಅವನು ಮೂಟೆಯ ಹಿಟ್ಟು ಮೆತ್ತಿದ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಕೆನ್ನೆಗೊಂದು ಬಾರಿಸಬೇಕೆಂದು ಎತ್ತಿದ ಕೈ ಅಲ್ಲಿದ್ದ ಹಿಟ್ಟನ್ನು ಒರೆಸಿತು, ಒರೆಸಿದ ಮೇಲೂ ಅಲ್ಲೇ ಉಳಿಯಿತು. ಈ ಪೆದ್ದನನ್ನು ಅವಳು ಪ್ರಾಣದಷ್ಟು ಪ್ರೀತಿಸುತ್ತಿದ್ದಳು.

"ನಾಳೆ ನನ್ನ ಡಾಕ್ಟರ್ ಹತ್ರ ಹೋಗೋಣ. ಎಲ್ಲಾ ನೀವೇ ಬಾಯಿಬಿಟ್ಟು ಹೇಳ್ಬೇಕು. ಪೇಷೆಂಟ್ ಕುರ್ಚೀಲೂ ನೀವೇ ಕೂತ್ಕೋಬೇಕು."

"ನೀನು?"

"ಇನ್ನೆಲ್ಲಿಗೆ ಹೋಗ್ಲಿ? ಪಕ್ಕದ ಕುರ್ಚೀಲಿ ಇರ್ತೀನಿ."