ಕರಿ ಎಳ್ಳಿನ ಅನ್ನದುಂಡೆ

"ಕೈ ತೆಗಿ!"

ಕಾರ್ಖಾನೆಯ ಗದ್ದಲವನ್ನೆಲ್ಲ ಸೀಳಿಕೊಂಡು ಬಂತು ಆ ಕೂಗು. ಸುಂದ್ರಮ್ಮ ಬೆಚ್ಚಿಬಿದ್ದಳು. ಬೆಚ್ಚಿದ ರಭಸಕ್ಕೆ, ತೆಗೆಯಬೇಕಾದ ಕೈ ಕುದಿಯುವ ನೀರಿನೊಳಗೆ ಇನ್ನೂ ಆಳಕ್ಕೇ ಹೋಯಿತು!

ಮರುಕ್ಷಣ ಯಾರೋ ಅವಳ ಮಣಿಕಟ್ಟು ಹಿಡಿದು ಜಗ್ಗಿದರು. ತಣ್ಣೀರಿನ ಕೊಳಗದಲ್ಲಿ ಕೈ ಮುಳುಗಿಸಿ, ಬಿಡದೆ ಹಿಡಿದುಕೊಂಡರು. ಅವಳು ಕಣ್ಣೀರಿನ ನಡುವೆಯೇ ತಲೆಯೆತ್ತಿ ನೋಡಿದಳು. ಜಪಾನ್ ಮೇಷ್ಟ್ರು!

ಚಾಮರಾಜನಗರದ ಆ ನೂಲು ಬಿಚ್ಚಾಣಿಕೆ ಕಾರ್ಖಾನೆಯಲ್ಲಿ ರೇಷ್ಮೆಗೂಡು ಬೇಯಿಸುವ ತೊಟ್ಟಿ ಬೇರೆ, ನೂಲು ತೆಗೆಯುವ ತೊಟ್ಟಿ ಬೇರೆ. ಭೀಮನಬೀಡಿನಿಂದ ಬಂದು ಕೆಲಸಕ್ಕೆ ಹೊಸದಾಗಿ ಸೇರಿದ್ದ ಸುಂದ್ರಮ್ಮನಿಗೆ ಗಾಬರಿಯಲ್ಲಿ ಅದೂ ಇದೂ ಒಂದೇ ಆಗಿತ್ತು. ಕೆಲಸ ಕಲಿಸಬೇಕಾದವನು ಈ ಮೇಷ್ಟ್ರು, ಪುಟ್ಟಮಾದು. ಸರ್ಕಾರ ಅವನನ್ನು ರೇಷ್ಮೆ ಕೆಲಸ ಕಲಿಯಲು ಜಪಾನಿಗೆ ಕಳಿಸಿತ್ತು. ಅಲ್ಲಿಂದ ಬಂದವನಿಗೆ ಮಾತು ಕಡಿಮೆ, ನಗು ಇನ್ನೂ ಕಡಿಮೆ. ಹೆಂಗಸರೆಲ್ಲ ಅವನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದರು.

"ಉರೀತದಾ?" ಎಂದು ಕೇಳಿದ.

"ಊಂ..."

"ನಾನು ಕೂಗಬಾರದಾಗಿತ್ತು. ನನ್ನ ತಪ್ಪು ಕಣಮ್ಮಿ."

ತಪ್ಪು ತನ್ನದೆಂದು ಗಂಡಸೊಬ್ಬ ಹೇಳಿದ್ದನ್ನು ಸುಂದ್ರಮ್ಮ ಹುಟ್ಟಿದಮೇಲೆ ಕೇಳಿರಲಿಲ್ಲ! ಸುಟ್ಟದ್ದು ಕೈ. ಎದೆ ಯಾಕೆ ಹೀಗೆ ಹೊಡೆದುಕೊಳ್ಳಬೇಕು?

* * *

ಸುಟ್ಟ ಬೆರಳುಗಳಲ್ಲಿ ಬಿಸಿ ಮುದ್ದೆ ಮುರಿಯುವುದು ಹೇಗೆ? ಖಾರದ ಸಾರಿಗೆ ಅದ್ದುವುದು ಹೇಗೆ? ಎಡಗೈಯಲ್ಲಿ ಉಣ್ಣುವ ಹಾಗಿಲ್ಲ. ಇನ್ನೊಬ್ಬರಿಂದ ತುತ್ತು ಹಾಕಿಸಿಕೊಳ್ಳಲು ನಾಚಿಕೆ. ಮಧ್ಯಾಹ್ನ ಎಲ್ಲರೂ ಉಣ್ಣುವಾಗ ಸುಂದ್ರಮ್ಮ ಹೊಂಗೆ ಮರದ ಕೆಳಗೆ ಸುಮ್ಮನೆ ಕೂತಿರುತ್ತಿದ್ದಳು.

ಆಚೆ ಮೂಲೆಯಲ್ಲಿ ಪುಟ್ಟಮಾದು ಅರಿಸಿನದ ಎಲೆ ಬಿಚ್ಚಿ ಏನನ್ನೋ ತಿನ್ನುತ್ತಿದ್ದ. ಬೆಳ್ಳಗೆ, ಮೂರು ಮೂಲೆ!

"ಅದೇನು ಮೇಷ್ಟ್ರೇ, ಅನ್ನಕ್ಕೂ ಮೂಲೆ ಇರ್ತದಾ?" ಬಾಯಿ ತಪ್ಪಿ ಕೇಳಿಯೇಬಿಟ್ಟಳು. ಪಕ್ಕದಲ್ಲಿದ್ದ ಗೆಳತಿ ಶಿವಮ್ಮ ಅವಳ ತೊಡೆ ಚಿವುಟಿದಳು.

ಅವನು ನಕ್ಕ. ನಕ್ಕರೆ ಬೇರೆಯೇ ಮನುಷ್ಯ!

"ಒನಿಗಿರಿ ಅಂತಾರೆ. ಅಲ್ಲಿ ನಾನಿದ್ದ ಮನೆಯ ಹಾನಾ ಅವ್ವ ಹೇಳಿಕೊಟ್ಟಿದ್ದು. ಒಲೆ ಹಚ್ಚೋಕೆ ಬಂದರೆ ಸಾಕು, ಯಾರು ಬೇಕಾದರೂ ಮಾಡಬೌದು. ಹೊಸ ಅಕ್ಕಿ ಮುದ್ದೆಯಾಗ್ತದೆ ಅಂತ ನಮ್ಮೋರು ಬಯ್ತಾರಲ್ಲ, ಇದಕ್ಕೆ ಅದೇ ಬೇಕು. ಗಂಜಿ ಬಸೀಬಾರದು. ಮುಚ್ಚಳ ತೆಗೆದು ಇಣುಕಬಾರದು. ಇಳಿಸಿದಮೇಲೆ ಕೈ ಒದ್ದೆ ಮಾಡ್ಕೊಂಡು, ಅಂಗೈಗೆ ಒಂದು ಚಿಟಿಕೆ ಉಪ್ಪು ಸವರಿ, ಬಿಸಿಬಿಸಿ ಇರುವಾಗ್ಲೇ ಕಟ್ಟಬೇಕು. ನಡುವೆ ಅವರು ಒಂದು ಹುಳಿ ಕಾಯಿ ಇಡ್ತಾರೆ. ನಾನು ನೆಲ್ಲಿಕಾಯಿ ಉಪ್ಪಿನಕಾಯಿ ಇಡ್ತೀನಿ."

"ಗಟ್ಟಿಯಾಗಿ ಹಿಚುಕಬೇಕಾ?"

"ಊಹೂಂ. ಗುಬ್ಬಿಮರಿ ಹಿಡಿದ ಹಾಗೆ ಹಿಡೀಬೇಕು."

ಹೇಳುತ್ತ ಹೇಳುತ್ತ ಅವನ ಕಣ್ಣು ಅವಳ ಬಟ್ಟೆ ಸುತ್ತಿದ ಬೆರಳುಗಳ ಮೇಲೆ ನಿಂತಿತು. ಅವಳ ಮುಂದಿನ ಮುದ್ದೆ ಮುರಿಯದೆ ಹಾಗೇ ಇತ್ತು.

* * *

ಆ ಸಂಜೆಯೇ ಕೈ ಊದಿತು, ಜ್ವರ ಬಂತು. ಸುಂದ್ರಮ್ಮ ದೊಡ್ಡವ್ವನ ಮನೆಯಲ್ಲಿ ಮಲಗಿಬಿಟ್ಟಳು. ತಾಯಿಯಿಲ್ಲದ ಹುಡುಗಿ. ದೊಡ್ಡವ್ವ ದೊಡ್ಡಮಾದಮ್ಮನೇ ಅವಳಿಗೆ ಆ ಊರಲ್ಲಿ ದಿಕ್ಕು.

ಬೆಳಿಗ್ಗೆ ದೊಡ್ಡಮಾದಮ್ಮ ಬಾವಿಯಿಂದ ನೀರು ಹೊತ್ತು ಬಂದಳು. ಜಗುಲಿ ನೋಡಿದಳು. ಬಿಂದಿಗೆ ಕೈಜಾರಿತು!

"ಅಯ್ಯೋ, ನಮ್ಮನೆ ಹಾಳಾಯ್ತಲ್ಲಪ್ಪೋ!"

ಜಗುಲಿಯ ಮೇಲೆ ಹಸಿರೆಲೆ. ಎಲೆಯ ಮೇಲೆ ದುಂಡನೆಯ ಅನ್ನದುಂಡೆಗಳು. ಅವುಗಳ ಮೇಲೆ ಕರಿ ಎಳ್ಳು. ಸಾಲದ್ದಕ್ಕೆ ಒಂದು ಕಾಗೆ ಕೂತು ಕುಕ್ಕುತ್ತಿತ್ತು!

ಕೇರಿಯ ಹೆಂಗಸರು ಓಡಿಬಂದರು. ಯಾರೂ ಹತ್ತಿರ ಹೋಗಲಿಲ್ಲ. ಸತ್ತವರಿಗೆ ಹನ್ನೊಂದನೇ ದಿನ ಇಡುವ ಪಿಂಡ ಹೀಗೇ ಇರುತ್ತದೆ. ಅನ್ನ, ಕರಿ ಎಳ್ಳು, ಕಾಗೆ. ಒಳಗೆ ಹುಡುಗಿ ಜ್ವರದಲ್ಲಿ ಮಲಗಿದ್ದಾಳೆ, ಬಾಗಿಲಲ್ಲಿ ಪಿಂಡ ಕೂತಿದೆ!

ಗೋಡೆ ಹಿಡಿದು ಎದ್ದುಬಂದ ಸುಂದ್ರಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಆ ಎಲೆ ಅರಿಸಿನದ ಎಲೆ. ಅದು ಅವಳಿಗೆ ಗೊತ್ತು. ಆದರೆ ಮೇಷ್ಟ್ರ ಅನ್ನಕ್ಕೆ ಮೂರು ಮೂಲೆ ಇರುತ್ತಿತ್ತಲ್ಲ... ಎಳ್ಳು ಇರುತ್ತಿರಲಿಲ್ಲವಲ್ಲ...

ಚಿಕ್ಕವಳಿದ್ದಾಗ ತನ್ನ ಅವ್ವನಿಗೆ ಅಪ್ಪ ಇಟ್ಟದ್ದೂ ಇಂಥದ್ದೇ. ದುಂಡಗೆ.

ಸಂಜೆ ಪುಟ್ಟಮಾದು ತಾನಾಗಿಯೇ ಬಂದ. ಪಾಪ, ಮುಖದಲ್ಲಿ ಎಂಥ ಆಸೆ!

"ಬೆಳಿಗ್ಗೆ ಕೂಗಿದೆ, ಯಾರೂ ಬರ್ಲಿಲ್ಲ. ಜಗುಲಿ ಮ್ಯಾಲೆ ಇಟ್ಟು ಹೋದೆ. ಸುಂದ್ರಮ್ಮ ತಿಂದ್ರಾ?"

ದೊಡ್ಡಮಾದಮ್ಮನಿಗೆ ಮೈಮೇಲೆ ಬಂದಂತಾಯಿತು.

"ತಿಂದ್ರಾ ಅಂತಾನಲ್ರಪ್ಪಾ! ಎತ್ತವ್ವ ಸತ್ತಾಗ ಬಂದು ಒಂದು ಪಿಂಡ ಇಡ್ನಿಲ್ಲ ನೀನು! ಅವ್ವನಿಗೆ ಇಡದ ಪಿಂಡವ ನನ್ನ ತಂಗಿ ಮಗಳಿಗೆ ಇಟ್ಯೇನ್ಲಾ, ಪಾಪಿ!"

ಅವನ ಬಾಯಿ ತೆರೆಯಿತು. ತೆರೆದ ಬಾಯಿ ಹಾಗೇ ಮುಚ್ಚಿತು. ಅವನು ಬಾಗಿಲ ಕಡೆ ನೋಡಿದ. ಬಾಗಿಲ ಹಿಂದೆ ಸುಂದ್ರಮ್ಮ ನಿಂತಿದ್ದಳು.

'ಹೇಳಿ ಮೇಷ್ಟ್ರೇ! ಅದು ಊಟ ಅಂತ ಹೇಳಿ! ಇಲ್ಲವಾದರೆ ನಾನೇ ಹೇಳಲೇ? ಹಿರಿಯರ ಮುಂದೆ ಹೆಣ್ಣು ಹುಡುಗಿ ಬಾಯಿ ಬಿಟ್ಟರೆ ನಾಳೆ ಕೇರಿಯೆಲ್ಲ ಏನಂದೀತು? ಹೇಳಿದರೂ ಯಾರು ನಂಬುತ್ತಾರೆ? ನಾನೇ ನಂಬಿದ್ದೇನೆಯೇ?'

ಅವನು ತಲೆ ತಗ್ಗಿಸಿ ನಡೆದುಬಿಟ್ಟ. ಸುಮ್ಮನಿದ್ದದ್ದೇ ಒಪ್ಪಿಕೊಂಡ ಹಾಗೆ ಎಂದು ಕೇರಿ ತೀರ್ಮಾನಿಸಿತು.

* * *

ಅಪ್ಪ ಮೂಗಯ್ಯ ಬಂದು ಅವಳನ್ನು ಭೀಮನಬೀಡಿಗೆ ಕರೆದುಕೊಂಡು ಹೋದ. ಕೆಲಸ ಬಿಡಿಸಿದ್ದಾಯಿತು. ಮನೆಗೆ ತಗುಲಿದ ಕೇಡು ಕಳೆಯಲು ಮದುವೆಯೇ ಮದ್ದು ಎಂದು ನಾಲ್ಕು ಜನ ಹೇಳಿದರು. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ತೂಕ ಹಾಕುವ ರಾಚಯ್ಯನ ಕಡೆಯವರು ಬರುವ ಸೋಮವಾರ ಹೂ ಮುಡಿಸುವುದೆಂದು ಮಾತಾಯಿತು.

"ಒಳ್ಳೆ ಹೈದ ಕಣಮ್ಮಿ. ಏನಂತೀಯ?" ಎಂದ ಮೂಗಯ್ಯ.

ಏನನ್ನಲಿ? ಯಾವ ಬಾಯಲ್ಲಿ ಅನ್ನಲಿ? ಸುಂದ್ರಮ್ಮ ರಾಗಿ ಬೀಸುತ್ತಲೇ ಇದ್ದಳು. ಕೈಯ ಗಾಯ ಮಾಯುತ್ತ ಬಂದಿತ್ತು. ಒಳಗಿನದಕ್ಕೆ ಯಾರೂ ಮದ್ದು ಹೇಳಲಿಲ್ಲ.

ಗುರುವಾರ ಅಪ್ಪನ ಜೊತೆ ಗುಂಡ್ಲುಪೇಟೆ ಮಂಡಿಗೆ ಬದನೆಕಾಯಿ ಮಾರಲು ಹೋದಾಗ ಶಿವಮ್ಮ ಸಿಕ್ಕಿದಳು. ಅವಳ ತವರು ಅಲ್ಲೇ. ಲಾರಿಗಳ ಮರೆಗೆ ಎಳೆದುಕೊಂಡು ಹೋಗಿ ಬಯ್ಯತೊಡಗಿದಳು.

"ನೀನು ಬಾಯಿ ಸತ್ತೋಳಂಗೆ ನಿಂತ್ಬುಟ್ಯಲ್ಲಮ್ಮಿ! ಮೇಷ್ಟ್ರು ಅನ್ನ ಬುಟ್ಟು ಕೂತವ್ರೆ. ನಾಳೆ ಮಧ್ಯಾಹ್ನದ ರೈಲಿಗೆ ಊರೇ ಬುಟ್ಟು ಓಯ್ತಾವ್ರೆ."

"ಎಳ್ಳು ಯಾಕಾಕಿದ್ರು ಶಿವಮ್ಮ? ಅದ್ಯಾಕೆ ದುಂಡಗೆ ಕಟ್ಟಿದ್ರು?"

"ನಾನು ಕೇಳ್ದೆ. ಚಿಕ್ಕಂದಿನಿಂದ ಮೈಸೂರಿನ ಹಾಸ್ಟೆಲ್ಲಲ್ಲಿ ಬೆಳೆದೋರು, ಪಿಂಡನ ಕಣ್ಣಲ್ಲೂ ಕಂಡಿಲ್ವಂತೆ. ಮೂರು ಮೂಲೆ ಮಾಡಿದ್ರೆ ನಿಂಗೆ ಹೊಸದನ್ನಿಸ್ತದೆ, ನಮ್ಮ ಮುದ್ದೆಯಂಗೆ ಇರ್ಲಿ ಅಂತ ದುಂಡಗೆ ಕಟ್ಟಿದ್ರಂತೆ!"

"ಎಳ್ಳು?"

ಶಿವಮ್ಮನ ದನಿ ಇಳಿಯಿತು. "ಅವರವ್ವ ತೀರೋದ್ರು ಅಂತ ಜಪಾನಿಗೆ ತಂತಿ ಬಂತಂತೆ. ಹಡಗಲ್ಲಿ ಬರೋಕೆ ತಿಂಗಳು ಬೇಕು, ಬಂದೇನು ಮಾಡಾರು? ಅನ್ನ ನೀರು ಬುಟ್ಟು ಕೂತಿದ್ರಂತೆ. ಆ ಹಾನಾ ಅವ್ವ ಅನ್ನದುಂಡೆ ಮ್ಯಾಲೆ ಎಳ್ಳುದುರಿಸಿ, ಕೈಗಿಟ್ಟು, ತಿನ್ನೋಗಂಟ ಪಕ್ಕದಲ್ಲೇ ಕೂತಿದ್ಲಂತೆ. ನೋವಾದೋರಿಗೆ ಅಂಗೆ ಕೊಡ್ಬೇಕು ಅನ್ಕೊಂಡವ್ರೆ ಕಣಮ್ಮಿ ಆವಯ್ಯ."

ಸುಂದ್ರಮ್ಮ ಈರುಳ್ಳಿ ಮೂಟೆಗೆ ಒರಗಿ ನಿಂತಳು. ಆ ಸಂಜೆ ಅವನ ಬಾಯಿ ಯಾಕೆ ಕಟ್ಟಿತೆಂದು ಈಗ ತಿಳಿಯಿತು. ದೊಡ್ಡವ್ವ ಹೊಡೆದ ಮಾತು ನೇರ ಅವನ ಅವ್ವನ ಸಾವಿಗೇ ತಗುಲಿತ್ತು.

* * *

ಶುಕ್ರವಾರ ಕೋಳಿ ಕೂಗುವಾಗಲೇ ಎದ್ದು ಒಲೆ ಹಚ್ಚಿದಳು. ಹಬ್ಬಕ್ಕೆಂದು ಇಟ್ಟಿದ್ದ ಹೊಸ ಅಕ್ಕಿ ತೊಳೆದಿಟ್ಟಳು. ಕುದಿ ಬಂದದ್ದೇ ತಡ, ಹುಟ್ಟಿದಾಗಿನ ಅಭ್ಯಾಸ, ಗಂಜಿ ಬಸಿದೇಬಿಟ್ಟಳು! ಆ ಅನ್ನ ಕೈಯಲ್ಲಿ ನಿಲ್ಲುತ್ತದೆಯೇ? ಕಟ್ಟಿದ್ದೆಲ್ಲ ಪುಡಿಪುಡಿ.

'ಒಂದು ಅನ್ನದುಂಡೆ ಕಟ್ಟಲಾರಳು. ಇವಳು ರೈಲು ನಿಲ್ಲಿಸುತ್ತಾಳಂತೆ!'

ಅಳುತ್ತಲೇ ಇನ್ನೊಂದು ಮಡಕೆ ಇಟ್ಟಳು. ಈ ಸಲ ಬಸಿಯಲಿಲ್ಲ, ಇಣುಕಲಿಲ್ಲ. ಕೈ ಒದ್ದೆ ಮಾಡಿಕೊಂಡಳು. ಹೊಸ ಚರ್ಮಕ್ಕೆ ಉಪ್ಪು ಚುರ್ ಎಂದಿತು. ಗುಬ್ಬಿಮರಿ ಹಿಡಿದ ಹಾಗೆ ಹಿಡಿದಳು. ನಿಂತಿತು! ದುಂಡಗೇ ಕಟ್ಟಿದಳು. ಮೇಲೆ ಕರಿ ಎಳ್ಳು ಉದುರಿಸಿದಳು.

"ಏನಮ್ಮಿ ಅದು?"

ಬಾಗಿಲಲ್ಲಿ ಮೂಗಯ್ಯ ನಿಂತಿದ್ದ. ಅವನ ಕಣ್ಣು ಎಲೆಯ ಮೇಲಿತ್ತು. ಮುಖದ ರಕ್ತ ಇಳಿದುಹೋಗಿತ್ತು.

ಸುಂದ್ರಮ್ಮ ಒಂದು ಉಂಡೆ ಎತ್ತಿಕೊಂಡಳು. ಅಪ್ಪನ ಮುಖ ನೋಡುತ್ತಲೇ ಕಚ್ಚಿದಳು, ಅಗಿದಳು, ನುಂಗಿದಳು.

"ಇದು ಪಿಂಡವೇ ಆಗಿದ್ರೆ ನಿನ್ನ ಮಗಳು ಇವತ್ತು ಸತ್ತಳು ಅನ್ಕೊಪ್ಪಾ. ಊಟ ಆಗಿದ್ರೆ... ನನ್ನ ಚಾಮರಾಜನಗರಕ್ಕೆ ಕರ್ಕೊಂಡೋಗು. ಅವರು ಓಗ್ಬುಡ್ತಾರೆ. ನಂಗೆ ಬ್ಯಾರೆ ಯಾರೂ ಬ್ಯಾಡ."

ಎಲ್ಲವನ್ನೂ ಹೇಳಿದಳು. ಹಾನಾ ಅವ್ವ, ತಂತಿ, ಮುದ್ದೆ, ಎಳ್ಳು. ಮೂಗಯ್ಯ ಕಂಬಕ್ಕೊರಗಿ ಕೇಳಿದ.

"ನಿಮ್ಮವ್ವಂಗೆ ಈ ಕೈಯಲ್ಲೇ ಕಟ್ಟಿದ್ದೆ," ಎಂದ ಕೊನೆಗೆ. "ಅವತ್ತು ನಂಗೆ ಒಂದು ತುತ್ತು ತಿನ್ನು ಅಂತ ಯಾರೂ ಅನ್ನಲಿಲ್ಲ ಕಣಮ್ಮಿ."

ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಕೈ ಚಾಚಿದ. ಒಂದು ಉಂಡೆ ತೆಗೆದುಕೊಂಡು ಮೆಲ್ಲಗೆ ತಿಂದ. ಏನೋ ಒಂದು ಮಾತಂದ. ಆಮೇಲೆ ಹೆಗಲಿಗೆ ಟವೆಲು ಹಾಕಿಕೊಂಡ.

"ಏಳು. ಬಸ್ಸು ತಪ್ತದೆ. ಗುಂಡ್ಲುಪೇಟೆಲಿ ಇಳಿದಾಗ ರಾಚಯ್ಯನ ಕೈಲಿ ನಾನೇ ಮಾತಾಡ್ತೀನಿ."

* * *

ಚಾಮರಾಜನಗರ ರೈಲ್ವೆ ನಿಲ್ದಾಣದಲ್ಲಿ ಗಾಡಿ ಹೊರಡಲು ನಿಂತಿತ್ತು. ಪುಟ್ಟಮಾದು ಬೇವಿನ ಮರದ ಕೆಳಗೆ ಟ್ರಂಕಿನ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಮೂಗಯ್ಯ ಗೇಟಿನಲ್ಲೇ ನಿಂತು, ಅತ್ತ ತಿರುಗಿ ಬೀಡಿ ಹಚ್ಚಿದ.

ಸುಂದ್ರಮ್ಮ ಪುಟ್ಟಮಾದುವಿನ ಮುಂದೆ ನಿಂತಳು. ಅರಿಸಿನದ ಎಲೆ ಬಿಚ್ಚಿ ಹಿಡಿದಳು.

ಅವನು ನೋಡಿದ. ದುಂಡನೆಯ ಅನ್ನ. ಕರಿ ಎಳ್ಳು.

"ಇದನ್ನ ಯಾಕೆ ತಂದೆ? ಜನ ನೋಡಿದ್ರೆ..."

"ನೋವಾದೋರಿಗೆ ಕೊಡ್ಬೇಕಂತಲ್ಲ," ಎಂದಳು. "ಅವತ್ತು ನಾನು ಬಾಗಿಲ ಹಿಂದೆ ನಿಂತ್ಬುಟ್ಟೆ. ಒಂದು ಮಾತು ಆಡ್ನಿಲ್ಲ. ನನ್ನ ತಪ್ಪು ಮೇಷ್ಟ್ರೇ."

"ತಪ್ಪು ನಂದು. ಗೊತ್ತಿಲ್ದೆ ಮಾಡ್ಬುಟ್ಟೆ. ನಿನ್ನ ಕೈ ನೆನೆಸ್ಕೊಂಡು ಕಟ್ಟಿದ್ದು ಕಣಮ್ಮಿ. ನೀನು ಉಣ್ಣದೆ ಕೂತಿದ್ದನ್ನ ನೋಡೋಕಾಗ್ತಿರ್ಲಿಲ್ಲ. ನಿನ್ನ ಬುಟ್ರೆ ಈ ಊರಲ್ಲಿ ನಂಗೆ ಬ್ಯಾರೆ ಏನೂ ಇರ್ಲಿಲ್ಲ."

ಅವಳ ಕಣ್ಣು ತುಂಬಿದವು. "ತಿನ್ನಿ. ತಿನ್ನೋಗಂಟ ಪಕ್ಕದಲ್ಲೇ ಇರ್ತೀನಿ."

ಅವನು ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡ. ಆಮೇಲೆ ಅದನ್ನು ಎರಡು ಮಾಡಿದ. ಒಂದು ಭಾಗವನ್ನು ಎಲೆಯ ಚೂರಿನ ಮೇಲಿಟ್ಟು, ಎದ್ದು ಹೋಗಿ ಕಾಂಪೌಂಡಿನ ಗೋಡೆಯ ಮೇಲೆ ಇಟ್ಟ.

"ಅವ್ವಾ..." ಎಂದ.

ಬೇವಿನ ಮರದಿಂದ ಕಾಗೆಯೊಂದು ಇಳಿದು ಬಂತು. ಅನ್ನ ಕಚ್ಚಿಕೊಂಡು ಹಾರಿತು. ಪುಟ್ಟಮಾದು ಮಗುವಿನಂತೆ ಅತ್ತುಬಿಟ್ಟ. ಸುಂದ್ರಮ್ಮ ಅವನ ಪಕ್ಕದಲ್ಲಿ ನಿಂತೇ ಇದ್ದಳು. ಈ ಸಲ ಬಾಗಿಲು ಅಡ್ಡ ಇರಲಿಲ್ಲ.

ಗಾರ್ಡ್ ಸೀಟಿ ಊದಿದ.

"ರೈಲು ಓಯ್ತದೆ ಮೇಷ್ಟ್ರೇ."

"ಓಗ್ಲಿ ಬುಡು."

ಉಳಿದರ್ಧ ಅವನು ಟ್ರಂಕಿನ ಮೇಲೆ ಕೂತು ತಿಂದ. ಒಂದು ಅಗುಳೂ ಬಿಡಲಿಲ್ಲ.

"ನೀನು ತಿಂದ್ಯಾ?"

"ಊಂ. ಅಪ್ಪನೂ ತಿಂತು."

ಅವನು ಬೆಚ್ಚಿ ಗೇಟಿನ ಕಡೆ ನೋಡಿದ. "ನಿಮ್ಮಪ್ಪನೋರಾ? ಎಳ್ಳಿನದನ್ನಾ? ಏನಂದ್ರು?"

ಸುಂದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳುವಿನ ನಡುವೆಯೇ ನಗು ಬಂತು.

"ಅಳಿಯಂಗೆ ಕೊಡುವಾಗ ಉಪ್ಪು ಒಂಚೂರು ಜಾಸ್ತಿ ಆಕು ಅಂದ್ರು."