ಪಾರ್ಕಿನಲ್ಲಿ ಮಾತ್ರ ಹಾಕುವ ಉಂಗುರ

"ಏಯ್, ನಿಲ್ರಿ! ಅಲ್ಲಿ ಕಾಲಿಡಬ್ಯಾಡ್ರಿ!"

ಕೂಗು ಕಿವಿಗೆ ಬೀಳುವಷ್ಟರಲ್ಲಿ ಶೈಲಜಾಳ ಬಲಗಾಲು ಹಸಿ ಮಣ್ಣಿನಲ್ಲಿ ಹೂತುಹೋಗಿತ್ತು. ನಿನ್ನೆಯಷ್ಟೇ ಕೊಂಡ ಬಿಳಿ ಶೂ ಲೇಸಿನವರೆಗೂ ಕೆಸರಾಯಿತು.

ಕೈಯಲ್ಲಿದ್ದ ನೀರಿನ ಪೈಪು ಬಿಸಾಕಿ ಒಬ್ಬ ಯುವಕ ಓಡಿ ಬಂದ.

"ನಿನ್ನೆ ಸಂಜಿಗೆ ಹಾಕಿದ ಹುಲ್ರಿ ಇದು! ಇನ್ನೂ ಬೇರು ಹಿಡದಿಲ್ಲ. ಇಷ್ಟು ಭಾರ ತಡಿಯಂಗಿಲ್ಲ!"

ಇಷ್ಟು ಭಾರ!

ಪಾಪ, ಅವನು ಆಡಿದ್ದು ಹುಲ್ಲಿನ ಮಾತು. ಆ ಜಾಗದಲ್ಲಿ ಯಾರೇ ಕಾಲಿಟ್ಟಿದ್ದರೂ ಅವನು ಅದನ್ನೇ ಹೇಳುತ್ತಿದ್ದ. ಆದರೆ ಶೈಲಜಾಳ ಎದೆಗೆ ಅದು ನೇರವಾಗಿ ಚುಚ್ಚಿತು.

"ಹೌದ್ರಿ, ನಾನು ಭಾರನ ಅದೀನಿ! ಎಲ್ಲಾರೂ ಹೇಳಿ ಆಗಿತ್ತು, ನೀವೊಬ್ರು ಬಾಕಿ ಇದ್ರಿ!"

ಅವಳು ಕೆಸರು ಶೂನಲ್ಲೇ ದಾಪುಗಾಲು ಹಾಕುತ್ತ ಪಾರ್ಕಿನ ಗೇಟು ದಾಟಿದಳು. ಸ್ಕೂಟಿ ಹತ್ತಿದ ಮೇಲೆ ತಡೆದಿದ್ದ ಅಳು ಬಂದೇ ಬಿಟ್ಟಿತು.

ಅದಕ್ಕೆ ಕಾರಣವಿತ್ತು. ಹಿಂದಿನ ಭಾನುವಾರ ಮರಿಯಮ್ಮನಹಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ಅವಲಕ್ಕಿ ತಿಂದು, ಚಹಾ ಕುಡಿದು, ಹುಡುಗನ ಅಕ್ಕ ಹೇಳಿದ್ದಳು, "ಮುಖ ಲಕ್ಷಣ ಐತ್ರಿ. ಮೈನ ಸ್ವಲ್ಪ ಜಾಸ್ತಿ ಆತು. ಎರಡು ತಿಂಗಳು ಟೈಮ್ ತಗೋಳ್ರಿ, ಇಳಿಸ್ಲಿ. ಆಮ್ಯಾಲೆ ನೋಡೋಣಂತ."

ಆ ಮಾತಿಗಿಂತ ಹೆಚ್ಚು ನೋಯಿಸಿದ್ದು ಅವ್ವ ಸುವರ್ಣಮ್ಮ ಕೈಮುಗಿದು "ಆಗ್ಲಿರಿ" ಅಂದದ್ದು. ಅಪ್ಪ ಇಲ್ಲದ ಮನೆ, ಮಗಳಿಗೆ ಇಪ್ಪತ್ತೊಂಬತ್ತು. ಅವ್ವನ ಹೆದರಿಕೆ ಶೈಲಜಾಳಿಗೆ ಅರ್ಥವಾಗುತ್ತಿತ್ತು. ಅರ್ಥವಾದರೆ ನೋವು ಕಡಿಮೆಯಾಗುತ್ತದೆಯೇ?

ಮರುದಿನ ಬೆಳಿಗ್ಗೆ ಅವನು ಗೇಟಿನಲ್ಲೇ ಕಾದಿದ್ದ.

"ನನ್ನ ಹೆಸರು ಜಂಬುನಾಥ್ ಅಂತ. ಈ ಪಾರ್ಕಿನ ಗಿಡ ನೋಡ್ಕೊಳ್ಳೋ ಕಾಂಟ್ರ್ಯಾಕ್ಟ್ ನಂದು. ನಿನ್ನೆ ನಾನು ಹುಲ್ಲಿಗೆ ಅಂದಿದ್ದು, ನಿಮಗಲ್ರಿ. ತಪ್ಪಾತು."

ಅವಳಿಗೇ ನಾಚಿಕೆಯಾಯಿತು. "ನಿಮ್ಮ ಹುಲ್ಲು ಉಳದೈತೋ ಇಲ್ಲೋ?"

"ನೀವು ಇಟ್ಟ ಹೆಜ್ಜಿ ಹಂಗ ಐತಿ. ಅದರಾಗ ನೀರು ನಿಂತೈತಿ, ಗುಬ್ಬಿ ಬಂದು ಕುಡಿಯಾಕ ಹತ್ಯಾವು. ಅದಕ್ಕ ಮುಚ್ಚಿಲ್ಲ."

ಶೈಲಜಾ ಒಂದು ವಾರದ ಮೇಲೆ ಮೊದಲ ಸಲ ನಕ್ಕಳು.

ಅಲ್ಲಿಂದ ಹೊಸಪೇಟೆಯ ಆ ಪುಟ್ಟ ಪಾರ್ಕು ಅವಳ ದಿನದ ಅರ್ಧ ಜೀವವೇ ಆಯಿತು. ಬೈಪಾಸಿನ ಅದಿರು ಲಾರಿಗಳು ಎಬ್ಬಿಸಿದ ಕೆಂಪು ಧೂಳನ್ನು ಜಂಬುನಾಥ ಎಲೆ ಎಲೆಯ ಮೇಲಿಂದ ತೊಳೆಯುತ್ತಿದ್ದ. ತೊಳೆದ ಹೊಂಗೆಯ ಆಚೆ ಅವನದೇ ಹೆಸರಿನ ಜಂಬುನಾಥನ ಗುಡ್ಡ ಕಾಣುತ್ತಿತ್ತು. "ನಿಮ್ಮ ಗುಡ್ಡ ಇವತ್ತ ಛಲೋ ಕಾಣಾಕತೈತಿ" ಎಂದು ಅವಳು ಚುಡಾಯಿಸಿದರೆ, ಅವನು ಕಿವಿ ಕೆಂಪಾಗಿಸಿಕೊಂಡು ಪೈಪು ಬೇರೆ ಕಡೆ ತಿರುಗಿಸುತ್ತಿದ್ದ.

ವಾಕಿಂಗ್ ಬರುವ ಹಿರಿಯರಿಗೆ ಅವಳು ಲ್ಯಾಬಿನಲ್ಲಿ ರಕ್ತ ತೆಗೆಯುವವಳು ಎಂದು ಗೊತ್ತಾಗಿ, ಪ್ರತಿ ಸುತ್ತಿನಲ್ಲೂ ಒಬ್ಬರು ತಡೆಯುತ್ತಿದ್ದರು. "ಶುಗರ್ ನೂರಾ ಎಂಬತ್ತು ಬಂದೈತಿ, ಒಂದು ಜಿಲೇಬಿ ನಡಿತೈತೇನವ್ವಾ?" ಜಂಬುನಾಥ ದೂರದಿಂದಲೇ ಕೂಗುತ್ತಿದ್ದ, "ಆಕಿನ್ನ ನಡಿಯಾಕ ಬಿಡ್ರಿ!"

ಇವನ ಹತ್ತಿರ ಮಾತಾಡುವಾಗ ನಾನು ದಪ್ಪ ಅನ್ನುವುದೇ ಮರೆತುಹೋಗುತ್ತದಲ್ಲ… ಎಂದು ಅವಳಿಗೆ ಒಂದು ದಿನ ಅನಿಸಿತು. ಅಂದೇ ಗೊತ್ತಾಯಿತು, ಮನಸ್ಸು ಕೈ ತಪ್ಪಿದೆ ಎಂದು.

ಆದರೂ ಎರಡು ತಿಂಗಳ ಗಡುವು ತಲೆಯ ಮೇಲಿತ್ತು. ಗೇಟಿನಲ್ಲಿ ಬೂದುಗುಂಬಳದ ರಸ ಮಾರುವವನು ಅವಳ ಮುಂದೆ ಎರಡು ಹೊಳೆಯುವ ಉಂಗುರ ಹಿಡಿದ. "ಮ್ಯಾಗ್ನೆಟ್ ಉಂಗುರ ಅಕ್ಕಾರ! ಕಾಲಿನ ಹೆಬ್ಬೆರಳಿನ ಪಕ್ಕದ ಬೆರಳಿಗೆ ಹಾಕ್ರಿ. ನರ ಅಲ್ಲೇ ಐತಿ. ತಿಂಗಳಿಗೆ ಐದು ಕೆಜಿ ಕರಗಲಿಲ್ಲ ಅಂದ್ರ ಬಂದು ಕೇಳ್ರಿ!"

ಓದಿದವಳು, ಲ್ಯಾಬಿನವಳು… ಆದರೂ ಕೊಂಡಳು! ಆಸೆಗೆ ಓದು ಅಡ್ಡ ಬರುವುದಿಲ್ಲ. ಮದುವೆಯಾಗದ ಮಗಳ ಎರಡೂ ಕಾಲಿನ ಆ ಬೆರಳಲ್ಲಿ ಉಂಗುರ ಕಂಡರೆ ಸುವರ್ಣಮ್ಮ ರಾದ್ಧಾಂತ ಮಾಡುತ್ತಿದ್ದರು. ಹಾಗಾಗಿ ಪಾರ್ಕಿಗೆ ಬಂದು ಹಾಕಿಕೊಂಡು, ಮೇಲೆ ಸಾಕ್ಸು ಎಳೆದು, ಹೋಗುವಾಗ ಬಿಚ್ಚಿ ಪರ್ಸಿಗೆ ಹಾಕುತ್ತಿದ್ದಳು.

ಹೀಗಿರುವಾಗ ಜಂಬುನಾಥ ಹೊಂಗೆಯ ಕೆಳಗೆ ಒಂದು ಹೊಸ ದಾರಿ ಮಾಡಿದ. ಹೊಳೆಯ ಉರುಟು ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಕೂರಿಸಿದ್ದ, ಬರಿಗಾಲಲ್ಲಿ ನಡೆಯಲೆಂದು.

"ಮೊದಲು ನೀವ ನಡೀಬೇಕು ಶೈಲಜಾ" ಅಂದ. 'ಶೈಲಜಾ ಅವರೇ' ಅನ್ನಲಿಲ್ಲ.

ಅವಳು ಶೂ ಬಿಚ್ಚಿದಳು. ಸಾಕ್ಸು ತೆಗೆದಳು. ಉಂಗುರದ ನೆನಪೇ ಇರಲಿಲ್ಲ. ಕಲ್ಲಿನ ಮೇಲೆ ನಾಲ್ಕು ಹೆಜ್ಜೆ ಇಟ್ಟು, ನಗುತ್ತ ತಲೆ ಎತ್ತಿದಳು.

ಜಂಬುನಾಥ ಅವಳ ಮುಖ ನೋಡುತ್ತಿರಲಿಲ್ಲ. ಅವನ ಕಣ್ಣು ಅವಳ ಪಾದದ ಮೇಲೆ ನಿಂತಿತ್ತು. ಮುಖದ ಬಣ್ಣವೇ ಹೋಗಿತ್ತು.

"ಚುಚ್ಚತೈತೇನ್ರಿ…" ಅವನು ಒಂದು ಹೆಜ್ಜೆ ಹಿಂದೆ ಸರಿದ. "…ಅಕ್ಕಾರ?"

ಅಕ್ಕಾರ!

"ಇಲ್ರಿ" ಅಂದಳು. ಅವನು ಆಗಲೇ ಬೆನ್ನು ತಿರುಗಿಸಿ ನಡೆದಿದ್ದ.

ಆಮೇಲಿನ ಹತ್ತು ದಿನ ಅವನು ಅವಳನ್ನು ತಪ್ಪಿಸಿಕೊಂಡೇ ಓಡಾಡಿದ. ಎದುರಾದರೂ "ಆರಾಮೇನ್ರಿ ಅಕ್ಕಾರ" ಎಂದು ನೆಲ ನೋಡಿ ಹೋಗುತ್ತಿದ್ದ.

'ನನ್ನ ಪಾದ ನೋಡಿದ' ಎಂದು ಅವಳು ಕನ್ನಡಿಯ ಮುಂದೆ ನಿಂತು ಅಂದುಕೊಂಡಳು. 'ದಪ್ಪ, ಊದಿದ ಪಾದ. ಬಟ್ಟೆ ಮುಚ್ಚಿದ್ದನ್ನು ಪಾದ ಹೇಳಿಬಿಟ್ಟಿತು. ಇವನೂ ಅವರಂತೆಯೇ… ಬಾಯಲ್ಲಿ ಹೇಳಲಿಲ್ಲ, ಅಷ್ಟೇ ವ್ಯತ್ಯಾಸ.'

ಮರಿಯಮ್ಮನಹಳ್ಳಿಯವರು ಮತ್ತೆ ಬರುತ್ತೇವೆ ಎಂದು ಫೋನ್ ಮಾಡಿದಾಗ ಅವಳು ಅವ್ವನಿಗೆ, "ಬರ್ಲಿ ಬಿಡವ್ವ. ಅವ್ರು ಹೂಂ ಅಂದ್ರ ನಾನೂ ಹೂಂ ಅಂತೀನಿ" ಅಂದುಬಿಟ್ಟಳು. ಭಾನುವಾರ ಹನ್ನೊಂದು ಗಂಟೆಗೆ ಎಂದು ನಿಗದಿಯಾಯಿತು.

ಆ ಭಾನುವಾರ ಬೆಳಿಗ್ಗೆ, ಇನ್ನು ಬರುವುದಿಲ್ಲ ಎಂದುಕೊಂಡೇ ಅವಳು ಪಾರ್ಕಿಗೆ ಬಂದಳು. ಬೆಂಚಿನ ಮೇಲೆ ಕುಳಿತು ಉಂಗುರ ಹಾಕಿಕೊಳ್ಳುತ್ತಿದ್ದಾಗ, ಕಸ ಗುಡಿಸುವ ದುರುಗವ್ವ ಪೊರಕೆ ಊರಿಕೊಂಡು ನಿಂತಳು.

"ಯವ್ವಾ, ನಿನ್ನ ಗಂಡ ಎಲ್ಲಿರ್ತಾನ? ಒಂದಿನಾನೂ ಜೋಡಿ ಬರಂಗಿಲ್ಲ?"

"ಗಂಡನಾ? ಯಾರ ಗಂಡ?"

"ನಿನ್ನ ಗಂಡನವ್ವ! ಆ ಜಂಬುನಾಥಗ ನಾನ ಅಂದೆ, ಈ ಹುಡುಗಿ ನಿನಗ ಛಲೋ ಜೋಡಿ ಆಗ್ತಾಳ, ಕೇಳಲೇ ಅಂತ. 'ಸುಮ್ನಿರು ದುರುಗವ್ವ, ಆಕಿ ಕಾಲಾಗ ಉಂಗುರ ಅದಾವು, ಇನ್ನೊಬ್ರ ಮನಿ ಹೆಣ್ಮಗಳು' ಅಂದ. ಆವತ್ತಿಂದ ಬುತ್ತಿ ಬಿಚ್ಚೋದು, ಹಂಗ ಕಟ್ಟೋದು. ಒಂದು ತುತ್ತು ಹೋಗವಲ್ದು."

ಶೈಲಜಾ ತನ್ನ ಕಾಲು ನೋಡಿಕೊಂಡಳು. ಹೆಬ್ಬೆರಳಿನ ಪಕ್ಕ… ಎರಡೂ ಕಾಲಿಗೆ… ಬೆಳ್ಳಿಯಂತೆ ಹೊಳೆಯುವ ಉಂಗುರ!

ಅಯ್ಯೋ ದೇವರೇ!

ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಬರಿಗಾಲಲ್ಲೇ ಓಡಿದಳು. ಜಂಬುನಾಥ ನಲ್ಲಿಯ ಹತ್ತಿರ ಪೈಪು ಸುತ್ತುತ್ತಿದ್ದ.

"ಏನಾತ್ರಿ ಅಕ್ಕಾ…"

"ಇನ್ನೊಂದು ಸಲ ಅಕ್ಕ ಅಂದ್ರ ನೋಡ್ರಿ!" ಅವಳು ಉಂಗುರ ಕಿತ್ತು ಪಕ್ಕದ ಕಬ್ಬಿಣದ ಕಂಬಿಗೆ ಹಿಡಿದಳು.

ಟಕ್! ಉಂಗುರ ಅಂಟಿಕೊಂಡಿತು.

"ಬೆಳ್ಳಿ ಕಾಲುಂಗುರ ಹಿಂಗ ಅಂಟ್ಕೊಳ್ತೈತೇನ್ರಿ?"

ಅವನು ಕಂಬಿಯನ್ನೂ ಅವಳನ್ನೂ ಮಿಕಿಮಿಕಿ ನೋಡಿದ. "ಮ್ಯಾಗ್ನೆಟ್ಟು? ಇದನ್ಯಾಕ ಕಾಲಿಗೆ…"

ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕಿಂತ ಕಷ್ಟದ ಕೆಲಸ ಅವಳ ಬದುಕಿನಲ್ಲಿ ಇರಲಿಲ್ಲ. ಆದರೂ ಹೇಳಿದಳು.

"ಮೈ ಕರಗ್ಲಿ ಅಂತ. ನೋಡಾಕ ಬಂದೋರು ದಪ್ಪ ಅಂದ್ರು. ಇಳಿಸಿದ್ರ ಆರಿಸ್ಕೊಳ್ತೀವಿ ಅಂದ್ರು. ಇವತ್ತ ಹನ್ನೊಂದಕ್ಕ ಮತ್ತ ಬರ್ತಾರ." ಅವಳು ಕಂಬಿಗೆ ಅಂಟಿದ ಉಂಗುರವನ್ನೇ ನೋಡಿದಳು. "ನೀವೂ ನನ್ನ ಕಾಲು ನೋಡಿ, ಥೂ ಅಂತ ದೂರ ಹೋದ್ರಿ ಅಂದ್ಕೊಂಡೆ."

ಜಂಬುನಾಥ ನಗಲಿಲ್ಲ. ಅವನ ಕಣ್ಣು ತುಂಬಿತು.

"ದೂರ ಹೋಗದ ಇನ್ನೇನ್ ಮಾಡ್ಲಿ? ಮದುವಿ ಆದ ಹೆಣ್ಮಗಳ ದಾರಿ ಕಾಯೋದು ಪಾಪ ಅಲ್ಲೇನ್ರಿ? ಆ ತಿರುವಿನ್ಯಾಗ ಒಂದು ದಾಸವಾಳ ಇತ್ತು, ನೋಡಿದ್ರ್ಯಾ? ನೀವು ಒಂದು ಸುತ್ತು ಮುಗಿಸಿ ಬರೋತನ ನಾನು ಅದಕ್ಕ ನೀರು ಬಿಡ್ತಾ ನಿಲ್ತಿದ್ದೆ. ದಿನಾ ಎಂಟು ಸುತ್ತು, ಎಂಟು ಸಲ ನೀರು. ಬೇರು ಕೊಳತು ಸತ್ತ ಹೋತು! ಹತ್ತು ವರ್ಷದಿಂದ ಗಿಡ ಬೆಳಸ್ತೀನಿ, ನೀರು ಹೆಚ್ಚಾಗಿ ಕೊಂದಿದ್ದು ಅದೊಂದ."

ಶೈಲಜಾ ಅಳುತ್ತಲೇ ನಕ್ಕಳು.

"ಹನ್ನೊಂದಕ್ಕ ನಾನೂ ಬರ್ಲಾ?" ಅವನು ಮೆಲ್ಲಗೆ ಕೇಳಿದ. "ನಿಮ್ಮವ್ವಾರ ಹತ್ರ ಮಾತಾಡ್ತೀನಿ."

"ಬ್ಯಾಡ್ರಿ. ನೀವು ಬಂದಿದ್ದಕ್ಕ ಬ್ಯಾಡ ಅಂದ್ಲು ಅಂತ ಯಾರೂ ಅನ್ನಬಾರದು. ಇದು ನಾನ ಹೇಳಬೇಕಾದ ಮಾತು."

ಹನ್ನೊಂದಕ್ಕೆ ಸರಿಯಾಗಿ ಅವರು ಬಂದರು. ಹುಡುಗನ ಅಕ್ಕ ಚಹಾ ಹಿಡಿದುಕೊಂಡೇ ಮೇಲಿಂದ ಕೆಳಗೆ ಕಣ್ಣಾಡಿಸಿದಳು. "ಅಷ್ಟೇನ್ ಇಳದಂಗ ಕಾಣಂಗಿಲ್ಲಲ್ಲ…"

"ಇಳದಿಲ್ರಿ" ಅಂದಳು ಶೈಲಜಾ. ದನಿ ನಡುಗಲಿಲ್ಲ. "ನಿಮ್ಮ ಸಲುವಾಗಿ ಇನ್ನ ಇಳಿಸೋದೂ ಇಲ್ಲ. ಈ ಸಂಬಂಧ ನನಗ ಬ್ಯಾಡ್ರಿ."

ಅವರು ಎದ್ದು ಹೋದ ಮೇಲೆ ಸುವರ್ಣಮ್ಮ ಚಹಾದ ಲೋಟ ಎತ್ತಿಟ್ಟು ಬಂದರು. ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದ ಮಗಳ ಕೈಯನ್ನು ಹಿಡಿದು ಪಕ್ಕ ಕೂರಿಸಿಕೊಂಡರು.

"ಆವತ್ತ ನಾನ ಈ ಮಾತು ಅನ್ನಬೇಕಿತ್ತು ಶೈಲು. ಕೈ ಮುಗದು ಕುಂತ್ಬಿಟ್ಟೆ…"

ಇಬ್ಬರೂ ಮನಸಾರೆ ಅತ್ತರು. ಅತ್ತು ಮುಗಿದ ಮೇಲೆ ಶೈಲಜಾ ಎಲ್ಲವನ್ನೂ ಹೇಳಿದಳು. ಆಮೇಲೆ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಜಂಬುನಾಥನಿಗೆ ಫೋನ್ ಮಾಡಿದಳು.

"ಹೇಳೀನ್ರಿ. ಬ್ಯಾಡ ಅಂತ ನಾನ ಹೇಳೀನಿ. ಸಂಜಿಗೆ ನಿಮ್ಮವ್ವಾರನ್ನ ಕರ್ಕೊಂಡು ಮನಿಗೆ ಬರ್ರಿ."

ಆ ಕಡೆ ಒಂದು ಕ್ಷಣ ನೀರಿನ ಸದ್ದು ಮಾತ್ರ ಕೇಳಿತು. ಆಮೇಲೆ ನಲ್ಲಿ ನಿಂತಿತು.

"ಈಗ ಹೊರಡಂದ್ರ ಈಗ ಬರ್ತೀನಿ. ಆದ್ರ ನಮ್ಮವ್ವ ಮೊದಲು ಕೇಳೋದ, ಹುಡುಗಿ ಹೆಂಗ ಅದಾಳ ಅಂತ."

ಶೈಲಜಾ ಹಳೆಯ ಅಭ್ಯಾಸಕ್ಕೆ ಸೆರಗು ಎಳೆದು ಮೈ ಮುಚ್ಚಿಕೊಂಡಳು.

"ಏನ್ ಹೇಳ್ತೀರಿ?"

"ಹೆಂಗ ಅದಾಳೋ ಹಂಗ ಬೇಕು ಅಂತ ಹೇಳ್ತೀನಿ."

ಶೈಲಜಾ ಕಿಟಕಿಯಾಚೆ ನೋಡುತ್ತ ನಕ್ಕಳು.

"ಹಂಗಾದ್ರ… ಜಲ್ದಿ ಬಾ."